ಬೋಟು ಟ್ರೈಲರಿನ ಮೇಲೆ ಸೊಟ್ಟಗೆ ಕೂರುತ್ತಿದ್ದರೆ: ದೋಷ ಹುಡುಕುವ ಬಗೆ

ಬೋಟು ಹೊತ್ತು ಕಾರಿನ ಹಿಂದೆ ಬರುವ ಗಾಡಿಯೇ ಟ್ರೈಲರ್. ನೀರಲ್ಲಿದ್ದಾಗ ಬೋಟು ಅದರ ನಟ್ಟನಡುವೆ ನಿಂತ ಹಾಗೇ ಕಾಣುತ್ತದೆ. ಟ್ರೈಲರಿನ ಮುಂದಿರುವ ವಿಂಚ್, ಅಂದರೆ ಪಟ್ಟಿ ಸುತ್ತಿ ಬೋಟನ್ನು ಎಳೆಯುವ ರಾಟೆ, ತಿರುಗಿಸಿ ಮೂತಿಯನ್ನು ಮುಂದಿನ ರಬ್ಬರಿಗೆ ತಾಗಿಸುತ್ತೀರಿ. ಕಾರು ಮೇಲೆ ತಂದು, ಇಳಿದು ನೋಡಿದರೆ ಬೋಟಿನ ಹಿಂಭಾಗ ಮೂರು ಇಂಚು ಬಲಕ್ಕೆ ಸರಿದು ಕೂತಿದೆ. ಮತ್ತೆ ನೀರಿಗೆ ಇಳಿಸಬೇಕು, ಮತ್ತೆ ಎಳೆಯಬೇಕು. ಭಾನುವಾರ ಸಂಜೆಯಾದರೆ ಹಿಂದೆ ಸಾಲುಗಟ್ಟಿ ಗಾಡಿಗಳು ಕಾಯುತ್ತಿರುತ್ತವೆ, ಎಲ್ಲರ ಕಣ್ಣೂ ನಿಮ್ಮ ಮೇಲೇ.

ಇಂಥ ಹೊತ್ತಲ್ಲಿ ಹೆಚ್ಚಿನವರು ಅಂಗಡಿಗೆ ಹೋಗಿ ಒಂದು ಜೊತೆ ಗೈಡ್ ಪೋಸ್ಟ್, ಅಂದರೆ ಟ್ರೈಲರಿನ ಹಿಂದೆ ಎರಡು ಬದಿಗೆ ನಿಲ್ಲಿಸುವ ಕಂಬ, ತಂದು ಹಾಕುತ್ತಾರೆ. ಇಲ್ಲವೇ ಬೋಟು ಕೂರುವ ಪಟ್ಟಿಗಳ, ಅಂದರೆ ಬಂಕಿನ, ಬೋಲ್ಟ್ ಸಡಿಲಿಸಿ ಅಂದಾಜಿನ ಮೇಲೆ ಒಂದು ಕಡೆಗೆ ಸರಿಸುತ್ತಾರೆ. ಎರಡನ್ನೂ ಈಗಲೇ ಮಾಡಬೇಡಿ. ದೋಷ ಟ್ರೈಲರಿನದ್ದೋ, ಬೋಟಿನದ್ದೋ, ನೀರಿಗೆ ಇಳಿಯುವ ಕಾಂಕ್ರೀಟಿನ ಇಳಿಜಾರಿನದ್ದೋ (ರಾಂಪಿನದ್ದೋ), ನಾವು ಹತ್ತಿಸುವ ರೀತಿಯದ್ದೋ ಅಂತ ತಿಳಿಯದೆ ಸ್ಪ್ಯಾನರ್ ಹಿಡಿದರೆ ಸರಿಯಿದ್ದದ್ದೂ ಕೆಡುತ್ತದೆ.

ನಾನು ಇಲ್ಲಿ ಹೇಳುತ್ತಿರುವುದು ಅಮೆರಿಕದ ಮಿನ್ನೆಸೋಟದ ಕೆರೆಗಳಲ್ಲಿ ಎಲ್ಲೆಲ್ಲೂ ಕಾಣುವ ಬೋಟಿನ ಬಗ್ಗೆ. 16ರಿಂದ 18 ಅಡಿಯ ಅಲ್ಯುಮಿನಿಯಂ ಮೀನು ಹಿಡಿಯುವ ಬೋಟು, ವಿ ಆಕಾರದ ತಳ, ಹಿಂದೆ ಔಟ್‌ಬೋರ್ಡ್ ಮೋಟಾರು, ಕೆಳಗೆ ಬಂಕ್ ಟ್ರೈಲರ್. ಬಂಕ್ ಅಂದರೆ ಕಾರ್ಪೆಟ್ ಸುತ್ತಿದ ಉದ್ದನೆಯ ಮರದ ಪಟ್ಟಿಗಳು. ಬೋಟಿನ ಭಾರವೆಲ್ಲ ಅವುಗಳ ಮೇಲೇ ಬೀಳುತ್ತದೆ. ನಮ್ಮವರು ಇಲ್ಲಿ ಬಂದು ಒಂದೆರಡು ಬೇಸಿಗೆ ಬಾಡಿಗೆ ಬೋಟಲ್ಲಿ ತಿರುಗಿ, ಆಮೇಲೆ ಸೆಕೆಂಡ್‌ಹ್ಯಾಂಡಲ್ಲಿ ಕೊಳ್ಳುವುದು ಸಾಮಾನ್ಯವಾಗಿ ಇಂಥದ್ದನ್ನೇ. ಮಲ್ಪೆ ಕಡೆಯವರಿಗೆ ನಾಡದೋಣಿಯನ್ನು ಮರಳಿನ ಮೇಲೆ ಎಳೆದು ಹಾಕಿದ ಅಭ್ಯಾಸ ಇರಬಹುದು, ಆದರೆ ಟ್ರೈಲರ್ ಎಲ್ಲರಿಗೂ ಹೊಸದು.

ಮೊದಲು ಎರಡು ಪ್ರಶ್ನೆ

ಮೊದಲ ಪ್ರಶ್ನೆ: ಬೋಟು ಯಾವಾಗಲೂ ಒಂದೇ ಕಡೆಗೆ ಸರಿಯುತ್ತದೆಯಾ, ಅಥವಾ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕಾ? ಒಂದೊಂದು ಸಲ ಒಂದೊಂದು ಕಡೆಗೆ ಅಂತಾದರೆ ಟ್ರೈಲರಿಗೆ ಕೈ ಹಚ್ಚಬೇಡಿ. ಅದು ಆಳದ ತೊಂದರೆ, ಇಲ್ಲವೇ ಗಾಳಿಯದ್ದು. ಯಾವ ಕೆರೆಗೆ ಹೋದರೂ ಒಂದೇ ಕಡೆಗೆ ಅಂದರೆ ಟ್ರೈಲರನ್ನೋ ಬೋಟನ್ನೋ ಅನುಮಾನಿಸಬಹುದು. ಒಂದು ರಾಂಪಿನಲ್ಲಿ ಮಾತ್ರ ಒಂದೇ ಕಡೆಗೆ, ಬೇರೆ ಕಡೆ ಸರಿ ಅಂದರೆ ಆ ರಾಂಪಿನದ್ದೇ ಸಮಸ್ಯೆ.

ಎರಡನೆಯದು: ಸರಿದಿರುವುದು ಮೂತಿಯಾ, ಹಿಂಭಾಗವಾ, ಅಥವಾ ಇಡೀ ಬೋಟಾ? ಮೂತಿ ನಡುವೆ ಇದ್ದು ಹಿಂಭಾಗ ಮಾತ್ರ ಸರಿದಿದ್ದರೆ ಟ್ರೈಲರ್ ಜಾಸ್ತಿ ಆಳಕ್ಕೆ ಹೋಗಿದೆ, ಇಲ್ಲವೇ ಗಾಳಿ ತಳ್ಳಿದೆ. ಹಿಂಭಾಗ ಸರಿಯಿದ್ದು ಮೂತಿ ಸೊಟ್ಟಗಿದ್ದರೆ ವಿಂಚ್ ಕಂಬವನ್ನೂ ಮುಂದಿನ ರಬ್ಬರನ್ನೂ ನೋಡಿ. ಇಡೀ ಬೋಟು ಒಂದೇ ಕಡೆಗೆ ಸಮನಾಗಿ ಸರಿದಿದ್ದರೆ ಬಂಕುಗಳ ಜೋಡಣೆ ತಪ್ಪಿರುತ್ತದೆ.

ಇನ್ನೊಂದು ವ್ಯತ್ಯಾಸವನ್ನೂ ಬಿಡಿಸಿ ನೋಡಬೇಕು. ಸರಿಯುವುದು ಬೇರೆ, ವಾಲುವುದು ಬೇರೆ. ಬೋಟು ನಡುವೆಯೇ ಇದ್ದು ಒಂದು ಅಂಚು ಎತ್ತರ, ಇನ್ನೊಂದು ತಗ್ಗು ಅಂತಾದರೆ ಅದು ಬಂಕಿನ ಎತ್ತರದ್ದೋ, ಟೈರಿನ ಗಾಳಿಯದ್ದೋ, ಲೀಫ್ ಸ್ಪ್ರಿಂಗಿನದ್ದೋ ತೊಂದರೆ. ಹಿಂದಿನಿಂದ ನೋಡಿದರೆ ಎರಡೂ ಒಂದೇ ಥರ ಸೊಟ್ಟ ಕಾಣುತ್ತವೆ. ಅದಕ್ಕೇ ಅಳತೆ ಬೇಕು.

ಅಳತೆ ಹೇಗೆ

ರಾಂಪಿನ ಮೇಲೆ ನಿಂತು ಕಣ್ಣಳತೆ ಮಾಡಬೇಡಿ. ಅದು ಇಳಿಜಾರು, ಮೇಲಾಗಿ ಅಕ್ಕಪಕ್ಕಕ್ಕೂ ವಾಲಿರಬಹುದು. ಬೋಟು ಹೇಗೆ ಕೂತಿದೆಯೋ ಹಾಗೇ ಪಾರ್ಕಿಂಗ್ ಜಾಗದ ಸಮತಟ್ಟು ನೆಲಕ್ಕೆ ತನ್ನಿ.

ಒಂದು ಗಟ್ಟಿ ದಾರಕ್ಕೆ ಭಾರದ ನಟ್ ಕಟ್ಟಿ. ಬೋಟಿನ ಹಿಂದಿನ ಗೋಡೆ, ಅಂದರೆ ಟ್ರಾನ್ಸಮ್‌ನ ಎಡ ಮೂಲೆಯಿಂದ ಇಳಿಬಿಡಿ. ನಟ್ ಅಲುಗಾಡುವುದು ನಿಂತ ಮೇಲೆ ದಾರದಿಂದ ಟ್ರೈಲರಿನ ಚೌಕಟ್ಟಿನ ಕಂಬಿಯ ಹೊರ ಅಂಚಿಗೆ ಎಷ್ಟು ದೂರ ಅಂತ ಟೇಪು ಹಿಡಿದು ಬರೆದುಕೊಳ್ಳಿ. ಬಲ ಮೂಲೆಯಲ್ಲೂ ಹಾಗೇ. ಎಡಕ್ಕೆ 6 ಇಂಚು, ಬಲಕ್ಕೆ 9 ಇಂಚು ಬಂತು ಅನ್ನಿ. ಆಗ ಬೋಟು 3 ಇಂಚು ಬಲಕ್ಕೆ ಸರಿದಿದೆ ಅನ್ನುವವರೇ ಜಾಸ್ತಿ. ಹಾಗಲ್ಲ. ಒಂದು ಕಡೆ ಎಷ್ಟು ಕಡಿಮೆಯಾಗುತ್ತದೋ ಇನ್ನೊಂದು ಕಡೆ ಅಷ್ಟೇ ಹೆಚ್ಚಾಗುತ್ತದೆ, ಅಲ್ವಾ? ಹಾಗಾಗಿ ವ್ಯತ್ಯಾಸದ ಅರ್ಧ, ಅಂದರೆ ಒಂದೂವರೆ ಇಂಚು ಸರಿದಿದೆ. ಬಂಕು ಸರಿಸುವ ದಿನ ಈ ಲೆಕ್ಕ ತಪ್ಪಿದರೆ ಬೋಟು ಎಡಕ್ಕೆ ಹೋಗಿ ಕೂರುತ್ತದೆ.

ಅರ್ಧ ಇಂಚಿನಷ್ಟು ಸರಿದಿದ್ದರೆ ಬಿಟ್ಟುಬಿಡಿ. ಒಂದು ಇಂಚಿನ ತನಕವೂ, ತಳ ಎರಡೂ ಬಂಕುಗಳ ಮೇಲೆ ಸರಿಯಾಗಿ ಕೂತಿದ್ದರೆ, ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಮತ್ತೆ ಇಳಿಸಿ ಹತ್ತಿಸುವುದೇ ವಾಸಿ. ಒಂದು ಟೈರಿಗೆ ಹೆಚ್ಚು ಭಾರ ಬೀಳುತ್ತದೆ, ತಳ ಫೆಂಡರಿಗೆ, ಅಂದರೆ ಚಕ್ರದ ಮೇಲಿನ ಮಡ್‌ಗಾರ್ಡಿಗೆ, ಉಜ್ಜಬಹುದು. ಎಲ್ಲಕ್ಕಿಂತ ಮುಖ್ಯ, ಬೋಟಿನ ತಳದಲ್ಲಿ ಉದ್ದಕ್ಕೂ ಎದ್ದಿರುವ ಏಣುಗಳಿವೆಯಲ್ಲ, ಅವು ಬಂಕಿನ ಮೇಲೆ ಹತ್ತಿ ಕೂರುತ್ತವೆ. ಅಷ್ಟೇ ಜಾಗದ ಮೇಲೆ ಭಾರವೆಲ್ಲ ನಿಂತು, ರಸ್ತೆಯ ಗುಂಡಿಗಳಲ್ಲಿ ಕುಲುಕಿ ಕುಲುಕಿ ಅಲ್ಯುಮಿನಿಯಂ ತಗ್ಗಾಗುತ್ತದೆ, ರಿವೆಟ್ ಸಡಿಲವಾಗಿ ನೀರು ಸೋರುತ್ತದೆ.

ಮೊದಲ ಅನುಮಾನ ಆಳದ ಮೇಲೆ

ರಾಂಪಿನಲ್ಲಿ ಕಾಣುವ ಸೊಟ್ಟ ಬೋಟುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ: ಟ್ರೈಲರ್ ತೀರಾ ಆಳಕ್ಕೆ ಹೋಗಿರುತ್ತದೆ. ಆಳವಿದ್ದಷ್ಟೂ ಹತ್ತಿಸುವುದು ಸುಲಭ ಅಂತ ಅನಿಸುತ್ತದೆ. ನಿಜಕ್ಕೂ ಸುಲಭವೇ, ಬೋಟು ತೇಲಿಕೊಂಡು ಮುಂದಿನ ರಬ್ಬರಿನ ತನಕ ತಾನೇ ಬಂದುಬಿಡುತ್ತದೆ. ಆದರೆ ಅದು ಬಂಕಿನ ಮೇಲೆ ಕೂತಿಲ್ಲ, ಬಂಕಿನ ಮೇಲಿರುವ ನೀರಿನಲ್ಲಿ ತೇಲುತ್ತಿದೆ. ಮೂತಿ ಒಂದನ್ನು ವಿಂಚ್ ಹಿಡಿದಿದೆ, ಹಿಂಭಾಗವನ್ನು ಯಾರೂ ಹಿಡಿದಿಲ್ಲ. ಕಾರು ಎಳೆಯುವಾಗ ಆ ಕ್ಷಣಕ್ಕೆ ಹಿಂಭಾಗ ಎಲ್ಲಿತ್ತೋ ಅಲ್ಲೇ ಕೂರುತ್ತದೆ.

ಪರೀಕ್ಷೆ ಸುಲಭ. ಮೂತಿ ರಬ್ಬರಿಗೆ ತಾಗಿ, ವಿಂಚ್ ಬಿಗಿಯಾದ ಮೇಲೆ, ಡಾಕಿನ (ದಡದಿಂದ ನೀರಿಗೆ ಚಾಚಿದ ಕಟ್ಟೆಯ) ಮೇಲೆ ನಿಂತು ಬೋಟಿನ ಹಿಂದಿನ ಮೂಲೆಯನ್ನು ಒಂದು ಕೈಯಲ್ಲಿ ಪಕ್ಕಕ್ಕೆ ತಳ್ಳಿ. ಆರಾಮಾಗಿ ಸರಿದರೆ ಟ್ರೈಲರ್ ಆಳದಲ್ಲಿದೆ. ಇನ್ನೊಂದು ಗುರುತು: ವಿಂಚ್ ತಿರುಗಿಸುವ ಕೆಲಸವೇ ಬೀಳದೆ ಬೋಟು ಪೂರ್ತಿ ಮುಂದೆ ಬಂದುಬಿಟ್ಟರೂ ಆಳ ಜಾಸ್ತಿ. ಆಳ ಸರಿಯಿದ್ದಾಗ ಬೋಟಿನ ಮುಕ್ಕಾಲು ಪಾಲು ತೇಲಿಕೊಂಡು ಒಳಗೆ ಬರುತ್ತದೆ, ಆಮೇಲೆ ತಳ ಬಂಕಿಗೆ ತಾಗಿ ನಿಲ್ಲುತ್ತದೆ. ಕೊನೆಯ ಎರಡು ಮೂರು ಅಡಿಯನ್ನು ವಿಂಚಿನಲ್ಲಿ ಎಳೆಯಬೇಕು. ಆ ಎಳೆತದಲ್ಲೇ ವಿ ತಳ ಎರಡು ಬಂಕುಗಳ ನಡುವೆ ತಾನಾಗಿ ನೆಟ್ಟಗಾಗುತ್ತದೆ. ತೇಲುವ ಬೋಟಿಗೆ ಈ ಅವಕಾಶವೇ ಸಿಗುವುದಿಲ್ಲ.

ಶುರುವಿಗೆ ಒಂದು ಅಂದಾಜು ಇಟ್ಟುಕೊಳ್ಳಿ. ಮೊದಲು ಟ್ರೈಲರನ್ನು ಆಳಕ್ಕೆ ಇಳಿಸಿ ಬಂಕಿನ ಕಾರ್ಪೆಟ್ ಪೂರ್ತಿ ನೆನೆಸಿ. ಒಣ ಕಾರ್ಪೆಟ್ ಬೋಟನ್ನು ಹಿಡಿದುಕೊಳ್ಳುತ್ತದೆ, ಸೊಟ್ಟ ಕೂತರೆ ಸರಿಯಲು ಬಿಡುವುದಿಲ್ಲ. ಆಮೇಲೆ ಬಂಕುಗಳ ಮುಂದಿನ ಮೂರನೇ ಒಂದು ಭಾಗ ನೀರಿನಿಂದ ಹೊರಗೆ ಕಾಣುವ ಹಾಗೆ ಮುಂದಕ್ಕೆ ತನ್ನಿ. ಬೋಟು ಹತ್ತಿಸಿ ನೋಡಿ. ವಿಂಚ್ ತಿರುಗಿಸಲು ಮೈಭಾರವೆಲ್ಲ ಹಾಕಬೇಕಾಯಿತು ಅಂದರೆ ತುಸು ಹಿಂದಕ್ಕೆ, ಹಿಂಭಾಗ ತೇಲುತ್ತಿದೆ ಅಂದರೆ ತುಸು ಮುಂದಕ್ಕೆ.

ತುಸು ಅಂದರೆ ಎಷ್ಟು? ಬೋಟ್ ರಾಂಪುಗಳ ಇಳಿಜಾರು ಸಾಮಾನ್ಯವಾಗಿ ನೂರಡಿಗೆ 12ರಿಂದ 15 ಅಡಿ ಇರುತ್ತದೆ. ಕಾರನ್ನು ಒಂದಡಿ ಹಿಂದೆ ಬಿಟ್ಟರೆ ಆಳ ಹೆಚ್ಚುವುದು ಒಂದೂವರೆ ಇಂಚಿನಷ್ಟು. ಮೂರಡಿ ಬಿಟ್ಟರೆ ನಾಲ್ಕೂವರೆ ಇಂಚು. ಇಷ್ಟು ಚಿಕ್ಕ ಬೋಟು ಮುಳುಗಿ ನಿಲ್ಲುವುದೇ ಹತ್ತು ಹನ್ನೆರಡು ಇಂಚು. ಹಾಗಾಗಿ ಮೂರಡಿಯ ಹೆಚ್ಚುಕಮ್ಮಿಯಲ್ಲಿ ಆಟವೇ ಬದಲಾಗುತ್ತದೆ. ಒಂದೊಂದು ಅಡಿಯ ಲೆಕ್ಕದಲ್ಲೇ ಸರಿಸಿ. "ರೀ, ಇನ್ನೊಂದ್ಚೂರು ಹಿಂದೆ ಬನ್ನಿ" ಅಂತ ಡಾಕಿನಿಂದ ಕೂಗಿದಾಗ ಆ ಒಂದು ಚೂರು ಕಾರಿನಲ್ಲಿ ಕೂತವರಿಗೆ ಒಂದು ಗಜ ಆಗಿಬಿಡುತ್ತದೆ. ಮನೆಯಲ್ಲೇ ಮಾತಾಡಿಕೊಂಡಿರಿ: ಒಂದು ಬೆರಳು ಅಂದರೆ ಒಂದಡಿ, ಅಂಗೈ ತೋರಿಸಿದರೆ ನಿಲ್ಲಿಸಬೇಕು. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಸರಿಯಾದ ಆಳ ಒಮ್ಮೆ ಸಿಕ್ಕಿತಾ, ಆಗ ನೀರು ಟ್ರೈಲರಿನ ಫೆಂಡರಿನ ಎಲ್ಲಿಗೆ ಬಂದಿದೆ ನೋಡಿ, ಅಲ್ಲಿ ಬಣ್ಣದ ಟೇಪು ಅಂಟಿಸಿ. ಮುಂದಿನ ಸಲ ಕನ್ನಡಿಯಲ್ಲಿ ಆ ಟೇಪು ನೋಡಿಕೊಂಡು ನಿಲ್ಲಿಸಬಹುದು.

ಆದರೆ ಈ ಗುರುತು ಎಲ್ಲ ರಾಂಪಿಗೂ ಹೊಂದುವುದಿಲ್ಲ. ಕಾರಣ ಹೀಗಿದೆ. ಬಂಕು 10 ಅಡಿ ಉದ್ದ ಅಂದುಕೊಳ್ಳಿ. ನೂರಕ್ಕೆ 15ರ ಇಳಿಜಾರಿನಲ್ಲಿ ಬಂಕಿನ ಮುಂದಿನ ತುದಿಗಿಂತ ಹಿಂದಿನ ತುದಿ 18 ಇಂಚು ತಗ್ಗಿನಲ್ಲಿರುತ್ತದೆ. ನೂರಕ್ಕೆ 10ರ ಇಳಿಜಾರಿನಲ್ಲಿ 12 ಇಂಚು ಮಾತ್ರ. ಬೋಟು ಮಾತ್ರ ಎರಡೂ ಕಡೆ ನೀರಿನ ಮೇಲೆ ಮಟ್ಟವಾಗಿಯೇ ತೇಲುತ್ತದೆ. ಕಡಿದಾದ ರಾಂಪಿನಲ್ಲಿ ಮೂತಿಯ ಭಾಗ ಬಂಕಿಗೆ ತಾಗಿದ್ದರೂ ಹಿಂಭಾಗದ ಕೆಳಗೆ ಐದಾರು ಇಂಚು ನೀರು ಉಳಿದಿರುತ್ತದೆ. ಅಲ್ಲಿ ಟ್ರೈಲರನ್ನು ಇನ್ನಷ್ಟು ಮೇಲೆ ನಿಲ್ಲಿಸಿ, ವಿಂಚಿಗೆ ಸ್ವಲ್ಪ ಜಾಸ್ತಿ ಕೆಲಸ ಕೊಡಬೇಕು. ಸಪಾಟಾದ ರಾಂಪಿನಲ್ಲಿ ಇದರ ಉಲ್ಟಾ: ಫೆಂಡರ್ ಮುಳುಗುವ ತನಕ ಇಳಿಸಿದರೂ ಕೆಲವೊಮ್ಮೆ ಬೋಟು ಅರ್ಧಕ್ಕೇ ನಿಲ್ಲುತ್ತದೆ.

ಕಡಿದಾದ ಕಡೆ ಇನ್ನೊಂದು ಸಂಗತಿ ಕಾಣಬಹುದು. ನೀರಲ್ಲಿ ಮೂತಿ ರಬ್ಬರಿಗೆ ಒತ್ತಿ ನಿಂತಿತ್ತು, ಮೇಲೆ ಬಂದ ಮೇಲೆ ಒಂದೆರಡು ಇಂಚು ಸಂದು. ಹಿಂಭಾಗ ಕೆಳಗಿಳಿದು ಬಂಕಿನ ಮೇಲೆ ಕೂರುವಾಗ ಮೂತಿ ರಬ್ಬರಿನಿಂದ ದೂರವಾಗಿರುತ್ತದೆ. ಆ ಸಂದನ್ನು ಹಾಗೇ ಬಿಡಬೇಡಿ. ಬೋಟು ಮುಂದೆ ಬಾರದಿದ್ದರೆ ಟ್ರಾನ್ಸಮ್ ಬಂಕಿನ ತುದಿಯಿಂದ ಆಚೆಗೆ ಹೋಗಿ, ಮೋಟಾರಿನ ಭಾರವೆಲ್ಲ ಗಾಳಿಯಲ್ಲಿ ನಿಂತ ಹಾಗಾಗುತ್ತದೆ.

ಅರ್ಧ ದಾರಿಯಲ್ಲಿ ಒಮ್ಮೆ ನಿಲ್ಲಿಸಿ

ಹೊಸಬರಿಗೆ ನಾನು ಹೇಳುವುದು ಇಷ್ಟೇ: ಒಂದೇ ಏಟಿಗೆ ಮೇಲಕ್ಕೆ ಎಳೆಯಬೇಡಿ. ಕಾರನ್ನು ನಿಧಾನಕ್ಕೆ ಮುಂದೆ ಬಿಡಿ, ಟ್ರಾನ್ಸಮ್ ನೀರಿನಿಂದ ಏಳುತ್ತಿದ್ದ ಹಾಗೆ ನಿಲ್ಲಿಸಿ. ಟ್ರೈಲರಿನ ಚಕ್ರ ಇನ್ನೂ ನೀರಲ್ಲೇ ಇರಲಿ. ಕಾರನ್ನು ಪಾರ್ಕಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಪಕ್ಕಕ್ಕೆ ಹೋಗಿ ನೋಡಿ. ಈ ಹೊತ್ತಿಗೆ ತಳ ಬಂಕಿನ ಮೇಲೆ ಕೂತಿರುತ್ತದೆ, ಆದರೆ ಪೂರ್ತಿ ಭಾರ ಬಿದ್ದಿರುವುದಿಲ್ಲ. ಸೊಟ್ಟಗಿದ್ದರೆ ಎರಡಡಿ ಹಿಂದಕ್ಕೆ ಬಿಟ್ಟರೆ ಸಾಕು, ಹಿಂಭಾಗ ಮತ್ತೆ ತೇಲುತ್ತದೆ. ಡಾಕಿನಿಂದ ಹಗ್ಗದಲ್ಲೋ ಕೈಯಲ್ಲೋ ನಡುವಿಗೆ ತಂದು ಹಿಡಿದುಕೊಂಡಿರಿ, ಕಾರು ಮುಂದೆ ಹೋಗಲಿ. ಇಡೀ ಬೋಟನ್ನು ಇಳಿಸಿ ಮತ್ತೆ ಸುತ್ತು ಹಾಕಿಕೊಂಡು ಬರುವ ರಗಳೆ ಇಲ್ಲ.

ನೋಡುವ ನೆಪದಲ್ಲಿ ಬೋಟಿನ ನೇರ ಹಿಂದೆ ಮಾತ್ರ ನಿಲ್ಲಬೇಡಿ. ವಿಂಚಿನ ಪಟ್ಟಿ ಹರಿದರೆ ಬೋಟು ಜಾರುವುದು ಆ ಕಡೆಗೇ. ಪಟ್ಟಿಯ ಜೊತೆ ಮೂತಿಯ ಕೊಂಡಿಗೆ ಸುರಕ್ಷತೆಯ ಸರಪಳಿಯನ್ನೂ ಹಾಕಿಯೇ ಕಾರು ಎಳೆಯಬೇಕು. ಭಾರ ಇರುವಾಗ ವಿಂಚಿನ ಲಾಕ್ ಬಿಡಿಸಿದರೆ ಹಿಡಿ ಗಿರಗಿರ ತಿರುಗಿ ಮಣಿಕಟ್ಟು ಮುರಿಯುತ್ತದೆ, ಇದು ಹೆದರಿಸಲು ಹೇಳುವ ಮಾತಲ್ಲ.

ಗಾಳಿ, ಹರಿವು

ಗಾಳಿ ಎಡದಿಂದ ಬೀಸುತ್ತಿದ್ದರೆ ಹಿಂಭಾಗ ಬಲಕ್ಕೆ ಹೋಗುತ್ತದೆ. ಬೋಟಿನ ಹಿಂದಿನ ಎಡ ಮೂಲೆಗೆ ಒಂದು ಹಗ್ಗ ಕಟ್ಟಿ, ಗಾಳಿ ಬರುವ ಕಡೆ ನಿಂತವರ ಕೈಗೆ ಕೊಡಿ. ತಳ ಬಂಕಿಗೆ ತಾಗುವ ತನಕ ಅವರು ಸಡಿಲ ಬಿಡಬಾರದು. ಡಾಕು ಇನ್ನೊಂದು ಬದಿಯಲ್ಲಿದ್ದರೆ ಕೈಯಿಂದ ತಳ್ಳಿ ಹಿಡಿಯಬಹುದು. ಒಬ್ಬರೇ ಬಂದಿದ್ದರೆ ಟ್ರೈಲರನ್ನು ಇನ್ನೊಂದು ಅಡಿ ಮೇಲೆ ನಿಲ್ಲಿಸಿ, ಜಾಸ್ತಿ ವಿಂಚ್ ಮಾಡಿ. ತಳ ಎಷ್ಟು ಬೇಗ ಬಂಕಿಗೆ ತಾಗುತ್ತದೋ ಗಾಳಿಯ ಆಟ ಅಷ್ಟು ಬೇಗ ಮುಗಿಯುತ್ತದೆ.

ಮಿಸಿಸಿಪ್ಪಿ, ಸೇಂಟ್ ಕ್ರಾಯ್ ಥರದ ನದಿಗಳಲ್ಲಿ ಹರಿವು ರಾಂಪಿಗೆ ಅಡ್ಡ ಬರುತ್ತದೆ. ರಾಂಪು ಅಗಲವಾಗಿದ್ದರೆ ಟ್ರೈಲರಿನ ಬಾಲವನ್ನು ತುಸು ಹರಿವು ಹೋಗುವ ದಿಕ್ಕಿಗೆ ಓರೆ ಮಾಡಿ ಇಳಿಸಿ. ಆಗ ಬೋಟು ಹರಿವಿಗೆ ಸ್ವಲ್ಪ ಎದುರಾಗಿ ಬರುತ್ತದೆ, ಹಿಡಿತ ಸಿಗುತ್ತದೆ.

ರಾಂಪಿನದ್ದೇ ತಪ್ಪಿದ್ದರೆ

ಕಾಂಕ್ರೀಟಿನ ಒಂದು ಪಕ್ಕ ಕುಸಿದಿರಬಹುದು. ಟ್ರೈಲರಿನ ಒಂದು ಚಕ್ರ ಎರಡು ಇಂಚು ತಗ್ಗಿನಲ್ಲಿದ್ದರೆ ಬೋಟು ಆ ಕಡೆಗೇ ಜಾರಿ ಕೂರುತ್ತದೆ. ಬೋಟಿಲ್ಲದೆ ಟ್ರೈಲರ್ ನೀರಲ್ಲಿ ನಿಂತಾಗ ಹಿಂದಿನ ಎರಡು ಗೈಡ್ ಪೋಸ್ಟುಗಳಿಗೆ, ಅವಿಲ್ಲದಿದ್ದರೆ ಎರಡು ಫೆಂಡರುಗಳಿಗೆ, ನೀರು ಎಲ್ಲೆಲ್ಲಿ ಬಂದಿದೆ ನೋಡಿ. ಒಂದಕ್ಕೆ ಮೇಲೆ, ಒಂದಕ್ಕೆ ಕೆಳಗೆ ಇದ್ದರೆ ನೆಲ ವಾಲಿದೆ. ಮೂರು ಅಡಿ ಪಕ್ಕಕ್ಕೆ ಇಳಿಸಿದರೆ ಸರಿಹೋಗಬಹುದು, ಇಲ್ಲವಾದರೆ ಆ ರಾಂಪಿನಲ್ಲಿ ಹಾಗೇ ಅಂತ ಒಪ್ಪಿಕೊಂಡು ಹಿಂಭಾಗವನ್ನು ಹಗ್ಗದಲ್ಲಿ ಹಿಡಿದು ಹತ್ತಿಸುವುದು.

ಮೋಟಾರಿನ ಜೋರಿನಿಂದ ಬೋಟನ್ನು ಟ್ರೈಲರಿನ ಮೇಲೆ ನುಗ್ಗಿಸುವ ಅಭ್ಯಾಸ ಇಲ್ಲಿ ಹಲವರಿಗಿದೆ. ಪ್ರೊಪೆಲ್ಲರಿನ ನೀರು ಕಾಂಕ್ರೀಟಿನ ತುದಿಯ ಮಣ್ಣನ್ನು ಕೊರೆದು ಗುಂಡಿ ಮಾಡುತ್ತದೆ, ಆ ಮಣ್ಣು ಆಚೆ ದಿಬ್ಬವಾಗಿ ಕೂರುತ್ತದೆ. ಟ್ರೈಲರಿನ ಚಕ್ರ ಆ ಗುಂಡಿಗೆ ಇಳಿದರೆ ಆಕ್ಸಲ್ ಬಗ್ಗುತ್ತದೆ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯೂ ಹಾಗೆ ಮಾಡಬೇಡಿ ಅನ್ನುತ್ತದೆ. ಬೇಸಿಗೆಯ ಕೊನೆಗೆ ಕೆರೆಯ ಮಟ್ಟ ಇಳಿದಾಗ ಈ ಗುಂಡಿ ಹತ್ತಿರ ಬರುತ್ತದೆ. ಮೇ ತಿಂಗಳಲ್ಲಿ ಸರಿಯಿದ್ದ ರಾಂಪು ಸೆಪ್ಟೆಂಬರಿನಲ್ಲಿ ಕೈ ಕೊಡಲು ಇದೂ ಒಂದು ಕಾರಣ.

ಬೋಟೇ ವಾಲಿದ್ದರೆ

ಗಾಳಿಯಿಲ್ಲದ ದಿನ ಬೋಟನ್ನು ಡಾಕಿಗೆ ಸಡಿಲವಾಗಿ ಕಟ್ಟಿ, ಎಲ್ಲರೂ ಇಳಿದು, ಹಿಂದಿನಿಂದ ನೋಡಿ. ಟ್ರಾನ್ಸಮ್‌ನ ಎರಡು ಮೂಲೆಗಳಿಂದ ನೀರಿನ ತನಕ ಅಳೆಯಿರಿ. ಒಂದು ಕಡೆ ಕಡಿಮೆ ಬಂದರೆ ಬೋಟು ನೀರಲ್ಲೇ ವಾಲಿದೆ. ವಾಲಿದ ಬೋಟು ಬಂಕಿನ ಮೇಲೂ ವಾಲಿಕೊಂಡೇ ಇಳಿಯುತ್ತದೆ.

ಕಾರಣ ಹುಡುಕಲು ಲೆಕ್ಕ ಹಾಕಿದರೆ ಸಾಕು. ಟ್ರೋಲಿಂಗ್ ಮೋಟಾರಿನ (ನಿಧಾನಕ್ಕೆ ಸಾಗಲು ಇರುವ ಸಣ್ಣ ವಿದ್ಯುತ್ ಮೋಟಾರಿನ) ದೊಡ್ಡ ಲೆಡ್ ಆಸಿಡ್ ಬ್ಯಾಟರಿ ಒಂದೊಂದೂ 50ರಿಂದ 60 ಪೌಂಡು ತೂಗುತ್ತದೆ. ಎರಡನ್ನೂ ಒಂದೇ ಕಡೆ ಇಟ್ಟಿದ್ದರೆ ಒಬ್ಬ ಹುಡುಗ ಅಲ್ಲಿ ಸದಾ ಕೂತ ಹಾಗೆ. ಪೆಟ್ರೋಲು ಗ್ಯಾಲನಿಗೆ ಸುಮಾರು 6 ಪೌಂಡು. 12 ಗ್ಯಾಲನ್ ತುಂಬಿದರೆ 70 ಪೌಂಡಿನ ಮೇಲೆ. ಹಿಡಿದ ಮೀನು ಹಾಕುವ ತೊಟ್ಟಿಯಲ್ಲಿ 20 ಗ್ಯಾಲನ್ ನೀರಿದ್ದರೆ 160 ಪೌಂಡು ದಾಟುತ್ತದೆ. ಹತ್ತಿಸುವ ಮೊದಲೇ ಆ ತೊಟ್ಟಿ ಖಾಲಿ ಮಾಡಿ, ಬಿಲ್ಜ್ ಪಂಪು ಓಡಿಸಿ ಅಡಿಯ ನೀರನ್ನೂ ತೆಗೆಯಿರಿ. ತಳದಲ್ಲಿ ನಿಂತ ನೀರು ಬೋಟು ಯಾವ ಕಡೆ ವಾಲುತ್ತದೋ ಆ ಕಡೆಗೇ ಓಡಿ ಇನ್ನೂ ವಾಲಿಸುತ್ತದೆ. ಮೇಲೆ ಬಂದ ಮೇಲೆ ಇಲ್ಲಿ ಹೇಗಿದ್ದರೂ ಡ್ರೈನ್ ಪ್ಲಗ್ ತೆಗೆದೇ ರಸ್ತೆಗೆ ಇಳಿಯಬೇಕು, ಅದು ಕಾನೂನು. ಪ್ಲಗ್ಗಿನಿಂದ ಪ್ರತಿ ಸಲ ಬಕೆಟ್ಟುಗಟ್ಟಲೆ ನೀರು ಬರುತ್ತಿದ್ದರೆ ಬೋಟು ಎಲ್ಲೋ ಸೋರುತ್ತಿದೆ.

ಎಲ್ಲ ಸಾಮಾನು ತೆಗೆದು, ನೀರು ಬಸಿದ ಮೇಲೂ ವಾಲುತ್ತಿರುವ ಹಳೆಯ ಬೋಟಿನಲ್ಲಿ ನೆಲದ ಕೆಳಗಿನ ಫೋಮ್ ಒಂದು ಕಡೆ ನೀರು ಕುಡಿದಿರಬಹುದು. ಅದು ದೊಡ್ಡ ಕೆಲಸ, ನೆಲ ಬಿಚ್ಚಬೇಕು. ಸೆಕೆಂಡ್‌ಹ್ಯಾಂಡ್ ಕೊಳ್ಳುವ ಮೊದಲೇ ತೇಲಿಸಿ ನೋಡುವುದು ಒಳ್ಳೆಯದು.

ಈಗ ಟ್ರೈಲರಿಗೆ ಬನ್ನಿ

ಇಷ್ಟೆಲ್ಲ ನೋಡಿಯೂ ಬೋಟು ಎಲ್ಲ ಕಡೆ ಒಂದೇ ಬದಿಗೆ ಸರಿಯುತ್ತಿದ್ದರೆ ಆಗ ಸ್ಪ್ಯಾನರ್ ಹಿಡಿಯಿರಿ. ಬೋಟನ್ನು ಡಾಕಿಗೆ ಕಟ್ಟಿ, ಖಾಲಿ ಟ್ರೈಲರನ್ನು ಸಮತಟ್ಟು ಜಾಗಕ್ಕೆ ತನ್ನಿ. ಮೊದಲು ಎರಡೂ ಟೈರುಗಳ ಗಾಳಿ ನೋಡಿ. ಸುಮ್ನೆ ಒದ್ದು ನೋಡಬೇಡಿ, ಗೇಜ್ ಹಾಕಿ, ಟೈರಿನ ಮೇಲೆ ಬರೆದಷ್ಟು ಇರಲಿ. ಸ್ಪ್ರಿಂಗಿನ ಪಟ್ಟಿ ಯಾವುದಾದರೂ ಮುರಿದಿದೆಯಾ ಅಂತ ಬಗ್ಗಿ ನೋಡಿ.

ಮುಂದೆ, ಕಾರಿನ ಹಿಚ್ (ಟ್ರೈಲರ್ ಕಟ್ಟುವ ಗುಂಡು) ಕೂರುವ ಕಪ್ಪಿನ ನಡುವಿನಿಂದ ಹಿಂದಿನ ಅಡ್ಡ ಕಂಬಿಯ ನಡುವಿಗೆ ಒಂದು ದಾರ ಬಿಗಿಯಾಗಿ ಎಳೆದು ಕಟ್ಟಿ. ಇದೇ ನಿಮ್ಮ ನಡುಗೆರೆ. ವಿಂಚ್ ಕಂಬ, ಮುಂದಿನ ರಬ್ಬರು ಎರಡೂ ಈ ದಾರದ ಮೇಲೇ ಇರಬೇಕು. ಕಂಬದ ಬೋಲ್ಟ್ ಸಡಿಲವಾಗಿ ತಿರುಗಿಕೊಂಡಿರುವುದು ಆಗಾಗ ಕಾಣುವ ದೋಷ. ಕೈಯಿಂದ ಅಲುಗಿಸಿದರೇ ತಿಳಿಯುತ್ತದೆ. ವಿಂಚಿನ ಪಟ್ಟಿ ಡ್ರಮ್ಮಿನ ಒಂದೇ ಪಕ್ಕದಲ್ಲಿ ಗುಪ್ಪೆಯಾಗಿ ಸುತ್ತಿಕೊಂಡಿದ್ದರೂ ಮೂತಿಯನ್ನು ಆ ಕಡೆಗೆ ಎಳೆಯುತ್ತದೆ. ಪೂರ್ತಿ ಬಿಚ್ಚಿ ಸಮನಾಗಿ ಸುತ್ತಿ.

ಬಂಕುಗಳಿಗೆ ದಾರದಿಂದ ನಾಲ್ಕು ಅಳತೆ ಬೇಕು: ಎಡ ಬಂಕಿನ ಮುಂದೆ, ಹಿಂದೆ, ಬಲ ಬಂಕಿನ ಮುಂದೆ, ಹಿಂದೆ. ಎಡಬಲ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅಡ್ಡ ಕಂಬಿಯಿಂದ ಬಂಕಿನ ಮೇಲ್ಮೈಗೆ ಎತ್ತರವನ್ನೂ ಅಳೆಯಿರಿ. ಟೇಪು ಇಡುವ ಮೊದಲು ಕಾರ್ಪೆಟ್ಟನ್ನು ಒಮ್ಮೆ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಬೋಟು ನೆಟ್ಟಗೆ ಕೂರುವ ಟ್ರೈಲರಿನಲ್ಲಿ ಎರಡೂ ಬಂಕಿನ ಸವೆತ ಒಂದೇ ಥರ ಇರುತ್ತದೆ, ಇಡೀ ಅಗಲಕ್ಕೆ ಹರಡಿರುತ್ತದೆ. ಒಂದರಲ್ಲಿ ಒಳ ಅಂಚು ಮಾತ್ರ ನುಣುಪಾಗಿ, ನೂಲು ಕಿತ್ತು, ಮರ ಇಣುಕುತ್ತಿದ್ದರೆ ಆ ಬಂಕು ತಿರುಚಿಕೊಂಡಿದೆ, ಅದರ ಅಂಚಿನ ಮೇಲೇ ಬೋಟು ನಿಲ್ಲುತ್ತಿದೆ. ಸಣ್ಣ ಸ್ಕ್ರೂಡ್ರೈವರಿನಿಂದ ಮರವನ್ನು ಚುಚ್ಚಿ. ಒಳಗೆ ಹೋದರೆ ಮರ ಕೊಳೆತಿದೆ, ಹೊಂದಿಸಿ ಪ್ರಯೋಜನವಿಲ್ಲ, ಬದಲಿಸಿ.

ಬಂಕು ಸರಿಸುವಾಗ ಬೋಟಿನ ತಳದ ಏಣುಗಳನ್ನು ಮರೆಯಬೇಡಿ. ಬಂಕು ಎರಡು ಏಣುಗಳ ನಡುವಿನ ಚಪ್ಪಟೆ ಜಾಗದಲ್ಲಿ ಬರಬೇಕು, ಏಣಿನ ಮೇಲಲ್ಲ. ದಾರದ ಲೆಕ್ಕದಲ್ಲಿ ಸರಿಯಿದ್ದೂ ಬೋಟು ಸೊಟ್ಟ ಕೂರುತ್ತಿದ್ದರೆ ಹೆಚ್ಚಾಗಿ ಕಾರಣ ಇದೇ: ಒಂದು ಏಣು ಬಂಕಿನ ಮೇಲೆ ಹತ್ತಿಕೊಂಡು ಬೋಟನ್ನು ಇನ್ನೊಂದು ಕಡೆಗೆ ನೂಕುತ್ತಿರುತ್ತದೆ. ಎರಡೂ ಬಂಕನ್ನು ಸಮನಾಗಿ ಒಳಗೋ ಹೊರಗೋ ತರಬೇಕು. ಬೋಲ್ಟ್ ಬಿಗಿ ಮಾಡಿ, ಒಮ್ಮೆ ಬೋಟು ಹೊತ್ತು ರಸ್ತೆಯಲ್ಲಿ ಓಡಿದ ಮೇಲೆ ಮತ್ತೆ ಬಿಗಿ ನೋಡಿ, ಭಾರ ಬಿದ್ದ ಮೇಲೆ ಅವು ತುಸು ಸಡಿಲವಾಗುತ್ತವೆ.

ಗೈಡ್ ಪೋಸ್ಟ್ ಹಾಕುವುದಿದ್ದರೆ ಈಗ ಹಾಕಿ. ಪಿವಿಸಿ ಪೈಪಿನ ಪೋಸ್ಟು ಮುಳುಗಿದ ಟ್ರೈಲರ್ ಎಲ್ಲಿದೆ ಅಂತ ತೋರಿಸುತ್ತದೆ ಅಷ್ಟೇ. ಗಾಳಿ ತಳ್ಳಿದ ಬೋಟನ್ನು ತಡೆದು ನಿಲ್ಲಿಸುವುದಿಲ್ಲ, ಬಗ್ಗುತ್ತದೆ. ಹಿಂಭಾಗ ಸರಿಯುವ ತೊಂದರೆಗೆ ಪಕ್ಕದಲ್ಲಿ ಕಾರ್ಪೆಟ್ ಹಲಗೆ ಇರುವ ಗೈಡುಗಳು ಬೇಕು. ಅವನ್ನು ಟ್ರೈಲರಿನ ಹಿಂತುದಿಯ ಹತ್ತಿರ ಕೂರಿಸಿ, ಬೋಟು ನೆಟ್ಟಗಿರುವಾಗ ಎರಡೂ ಕಡೆ ಒಂದೊಂದು ಇಂಚು ಸಂದು ಬಿಡಿ. ತೀರಾ ಒತ್ತಿದರೆ ಬಣ್ಣ ಕೆರೆಯುತ್ತದೆ, ಮೂರು ನಾಲ್ಕು ಇಂಚು ಬಿಟ್ಟರೆ ಹಾಕಿಯೂ ಹಾಕದ ಹಾಗೆ. ತಳ ಚಪ್ಪಟೆಯಾಗಿರುವ ಬೋಟಾದರೆ ಇವು ಬೇಕೇ ಬೇಕು, ಅದು ಬಂಕಿನ ಮೇಲೆ ತಾನಾಗಿ ನಡುವಿಗೆ ಬರುವುದಿಲ್ಲ.

ಜಾರಲಿ ಅಂತ ಬಂಕಿಗೆ ಸಿಲಿಕೋನ್ ಸ್ಪ್ರೇ ಹೊಡೆಯುವವರಿದ್ದಾರೆ. ಹೊಡೆಯಿರಿ, ಆದರೆ ಆಮೇಲೆ ಬೋಟು ನೀರಿಗೆ ಇಳಿಯುವ ತನಕ ವಿಂಚಿನ ಪಟ್ಟಿ ಬಿಚ್ಚಬಾರದು. ಒಣ ರಾಂಪಿನ ಮೇಲೆಯೇ ಬೋಟು ಜಾರಿ ಕಾಂಕ್ರೀಟಿಗೆ ಬೀಳುವುದು ಹೀಗೇ. ಇನ್ನು, ಸೊಟ್ಟ ಕೂತ ಬೋಟನ್ನು ಹಿಂದಿನ ರಾಚೆಟ್ ಪಟ್ಟಿಯಿಂದ ಎಳೆದು ನೆಟ್ಟಗೆ ಮಾಡುವ ಕೆಲಸ ಬೇಡವೇ ಬೇಡ. ಒಣ ಕಾರ್ಪೆಟ್ಟಿನ ಮೇಲೆ ಬೋಟು ಸರಿಯುವುದಿಲ್ಲ, ಟ್ರಾನ್ಸಮ್‌ನ ಕೊಂಡಿ ಮಾತ್ರ ಎಳೆಯುತ್ತಿರುತ್ತದೆ.

ಕೊನೆಗೆ ಉಳಿಯುವುದು ಆಕ್ಸಲ್. ಹಿಚ್ ಕಪ್ಪಿನ ನಡುವಿನಿಂದ ಎಡ ಸ್ಪ್ರಿಂಗಿನ ಮುಂದಿನ ಬೋಲ್ಟಿಗೆ, ಅಲ್ಲಿಂದಲೇ ಬಲ ಸ್ಪ್ರಿಂಗಿನ ಮುಂದಿನ ಬೋಲ್ಟಿಗೆ ಟೇಪು ಹಿಡಿಯಿರಿ. ಎರಡೂ ಒಂದೇ ಬರಬೇಕು. ಆಮೇಲೆ ಅದೇ ಕಪ್ಪಿನಿಂದ ಆಕ್ಸಲಿನ ಎರಡು ತುದಿಗಳಿಗೆ. ಬೋಲ್ಟಿನ ಅಳತೆ ಸರಿಯಿದ್ದು ಆಕ್ಸಲಿನದ್ದು ತಪ್ಪಿದ್ದರೆ ಆಕ್ಸಲನ್ನು ಸ್ಪ್ರಿಂಗಿಗೆ ಹಿಡಿದ ಯು ಬೋಲ್ಟ್ ಸಡಿಲವಾಗಿ ಆಕ್ಸಲ್ ಜಾರಿದೆ. ಬೋಲ್ಟಿನ ಅಳತೆಯೇ ತಪ್ಪಿದ್ದರೆ ಚೌಕಟ್ಟು ಬಗ್ಗಿದೆ. ಇದು ಮನೆಯ ಅಂಗಳದಲ್ಲಿ ಮಾಡುವ ರಿಪೇರಿಯಲ್ಲ, ಟ್ರೈಲರ್ ಅಂಗಡಿಗೇ ಹೋಗಬೇಕು. ಹೋಗುವಾಗ ಬರೆದುಕೊಂಡ ಅಳತೆಗಳನ್ನೂ, ಹಿಂದಿನಿಂದ ದಾರ ಇಳಿಬಿಟ್ಟು ತೆಗೆದ ಫೋಟೋವನ್ನೂ ಒಯ್ಯಿರಿ. ಬೋಟು ಸೊಟ್ಟ ಕೂರುತ್ತದೆ ಅಂತಷ್ಟೇ ಹೇಳಿದರೆ ಅಲ್ಲೂ ಮೊದಲು ತೋರಿಸುವುದು ಗೈಡ್ ಪೋಸ್ಟನ್ನೇ.